ದಪ್ಪ ಕೈಗವಸು ಹಾಕಿದರೂ ಬೆರಳು ಏಕೆ ಮರಗಟ್ಟುತ್ತದೆ?

ಡಿಸೆಂಬರ್ ಕೊನೆಯ ವಾರದ ಒಂದು ಬೆಳಗ್ಗೆ, ಆರೂಕಾಲರ ಹೊತ್ತು, ಶಿರಸಿಯಿಂದ ಕುಮಟಾ ದಾರಿಯಲ್ಲಿ ಸೈಕಲ್ ಹೊಡೆಯುತ್ತಿದ್ದೆ. ಮನೆ ಬಿಡುವಾಗ ಅಂಗಳದ ಥರ್ಮಾಮೀಟರ್ 12 ಡಿಗ್ರಿ ತೋರಿಸಿತ್ತು. ದಿಬ್ಬ ದಾಟಿ ರಸ್ತೆ ಅಡಿಕೆ ತೋಟದ ಮಗ್ಗುಲಿಗೆ ಇಳಿಯುತ್ತಿದ್ದಂತೆ ಎರಡೂ ಕೈಯನ್ನು ಯಾರೋ ಬಾವಿ ನೀರಿಗೆ ಅದ್ದಿದ ಹಾಗಾಯಿತು. ಇಳಿಜಾರು ಮುಗಿಯುವ ತಿರುವಿನಲ್ಲಿ ಎರಡು ದನ ರಸ್ತೆಗೆ ಬಂದವು. ಬ್ರೇಕ್ ಹಿಡಿಯಬೇಕು ಎಂದು ಗೊತ್ತಾಯಿತು, ಬೆರಳಿಗೆ ಮಾತ್ರ ಅದು ತಡವಾಗಿ ಮುಟ್ಟಿತು. ದನದ ಬಾಲಕ್ಕೂ ನನ್ನ ಮುಂಚಕ್ರಕ್ಕೂ ಒಂದು ಮೊಳದಷ್ಟು ಅಂತರ ಉಳಿದಿತ್ತು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸೈಕಲ್ ಒಂದು ಸೆಕೆಂಡಿಗೆ 8 ಮೀಟರಿಗಿಂತ ಹೆಚ್ಚು ದೂರ ಓಡುತ್ತದೆ. ಬೆರಳು ಅರ್ಧ ಸೆಕೆಂಡ್ ತಡ ಮಾಡಿದರೆ ನಾಲ್ಕು ಮೀಟರ್ ಕೈತಪ್ಪಿತು. ಅಂದಿನಿಂದ ನನ್ನ ಮಟ್ಟಿಗೆ ಕೈಗವಸು ಬ್ರೇಕಿನ ಒಂದು ಭಾಗ.

ಆ ದಿನ ನನ್ನ ಕೈಯಲ್ಲಿ ಕೈಗವಸು ಇತ್ತು, ಅದೂ ದಪ್ಪನೆಯದು. ನಮ್ಮ ಕೇರಿಯಲ್ಲಿ ನಸುಕಿಗೇ ಸೈಕಲ್ ಮೇಲೆ ಡೇರಿಗೆ ಹಾಲು ಒಯ್ಯುವ ಹುಡುಗನ ದೂರೂ ಅದೇ ಆಗಿತ್ತು. "ಅಣ್ಣಾ, ಅಂಗಡಿಯಲ್ಲಿ ಇದ್ದದ್ದರಲ್ಲಿ ದಪ್ಪದ್ದೇ ನೋಡಿ ತಗೊಂಡೆ. ಆದ್ರೂ ಡೇರಿ ಮುಟ್ಟೋದ್ರೊಳಗೆ ಬೆರಳು ಸೆಟೆದು ಹೋಗ್ತದೆ. ಇನ್ನೂ ದಪ್ಪದ್ದು ಬೇಕೇನೋ?" ಎಂದು ಕೇಳಿದ. ಬೇಡ ಎಂದೆ. ಯಾಕೆ ಬೇಡ ಎಂದು ಅವನಿಗೆ ಹೇಳಲು ನನಗೆ ಒಂದು ಚಳಿಗಾಲವಿಡೀ ಹಿಡಿಯಿತು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತಿದ್ದೇನೆ.

ಮೊದಲು ಬೆರಳಿನ ಕಥೆ. ಚಳಿ ಎಂದರೆ ದೇಹ ಮೊದಲು ಕಾಪಾಡುವುದು ಹೃದಯ, ಶ್ವಾಸಕೋಶ, ಮಿದುಳನ್ನು. ಚರ್ಮಕ್ಕೆ, ಅದರಲ್ಲೂ ಕೈಕಾಲಿನ ತುದಿಗೆ ಹೋಗುವ ರಕ್ತನಾಳಗಳನ್ನು ಅದು ಬಿಗಿಮಾಡಿ ಬಿಸಿ ರಕ್ತವನ್ನು ಒಳಗೇ ತಡೆದಿಟ್ಟುಕೊಳ್ಳುತ್ತದೆ. ಬೆರಳಿಗೆ ಸ್ವಂತ ಒಲೆ ಇಲ್ಲ. ಅದನ್ನು ಮಡಚುವ, ಬಿಡಿಸುವ ದೊಡ್ಡ ಸ್ನಾಯುಗಳು ಇರುವುದು ಮೊಣಕೈ ಕೆಳಗೆ. ಬೆರಳೊಳಗೆ ಇರುವುದು ಎಲುಬು, ನರ ಮತ್ತು ಸ್ನಾಯುವಿನಿಂದ ಬಂದ ಹಗ್ಗದಂಥ ಎಳೆಗಳು. ಕಾಲು ಪೆಡಲ್ ತುಳಿದು ತುಳಿದು ತಾನೇ ಬಿಸಿಯಾಗುತ್ತದೆ, ಹ್ಯಾಂಡಲ್ ಹಿಡಿದು ಸುಮ್ಮನೆ ಕೂತ ಬೆರಳಿಗೆ ಆ ಭಾಗ್ಯವಿಲ್ಲ. ಮೇಲಾಗಿ ಬೆರಳು ಸಪೂರ. ಅದರ ಗಾತ್ರಕ್ಕೆ ಹೋಲಿಸಿದರೆ ಗಾಳಿಗೆ ತೆರೆದ ಮೈ ಜಾಸ್ತಿ. ದೊಡ್ಡ ಹಂಡೆಯ ನೀರು ಬೆಳಗಿನ ತನಕ ಬೆಚ್ಚಗಿರುತ್ತದೆ, ಅದೇ ನೀರನ್ನು ಲೋಟಕ್ಕೆ ಹಾಕಿಟ್ಟರೆ ಹತ್ತು ನಿಮಿಷಕ್ಕೆ ಆರುತ್ತದೆ, ಹಾಗೆಯೇ ಇದು. ಬೆರಳಿನ ಚರ್ಮ ಸುಮಾರು 15 ಡಿಗ್ರಿಗಿಂತ ಕೆಳಗೆ ಇಳಿದರೆ ನಾಜೂಕಿನ ಕೆಲಸ ಕೆಡಲು ಶುರುವಾಗುತ್ತದೆ. ಇನ್ನೂ ಇಳಿದು 8 ಡಿಗ್ರಿಯ ಹತ್ತಿರ ಬಂದರೆ ಮುಟ್ಟಿದ್ದು ಸರಿಯಾಗಿ ಗೊತ್ತೇ ಆಗುವುದಿಲ್ಲ. ಗೇರ್ ಗುಂಡಿ ಒತ್ತಿದೆನೋ ಇಲ್ಲವೋ ಎಂಬ ಅನುಮಾನ ಹುಟ್ಟುವುದು ಆಗಲೇ.

ಇನ್ನು ಗಾಳಿ. ಬಿಸಿ ಕಷಾಯವನ್ನು ಬಟ್ಟಲಿಗೆ ಸುರಿದು ಊದುತ್ತೇವಲ್ಲ, ಸೈಕಲ್ ಸವಾರನ ಕೈಗೆ ಆಗುವುದೂ ಅದೇ. ನಿಂತಿರುವಾಗ ಚರ್ಮದ ಸುತ್ತ ಬೆಚ್ಚಗಿನ ಗಾಳಿಯ ಒಂದು ತೆಳು ಪದರ ಅಂಟಿಕೊಂಡಿರುತ್ತದೆ. ನಮಗೆ ಕಾಣದ ಕಂಬಳಿ ಅದು. ಸೈಕಲ್ ಓಡತೊಡಗಿದ ಕೂಡಲೇ ಆ ಪದರ ಕಿತ್ತುಹೋಗುತ್ತದೆ. ಚರ್ಮ ಮತ್ತೊಂದನ್ನು ಕಾಯಿಸುವಷ್ಟರಲ್ಲಿ ಅದೂ ಹೋಗಿರುತ್ತದೆ. ಹೊರಗೆ ಎಲೆ ಅಲುಗದ ಬೆಳಗಿನಲ್ಲೂ ಸವಾರ ತನ್ನ ಗಾಳಿಯನ್ನು ತಾನೇ ಎಬ್ಬಿಸಿಕೊಳ್ಳುತ್ತಾನೆ, ಅದನ್ನು ಮೊದಲು ಎದುರಿಸುವುದು ಹ್ಯಾಂಡಲ್ ಮೇಲಿನ ಗೆಣ್ಣುಗಳು.

ಇದಕ್ಕೊಂದು ಲೆಕ್ಕವಿದೆ. ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಗಳು 2001ರಿಂದ ಬಳಸುತ್ತಿರುವ ಸೂತ್ರದ ಪ್ರಕಾರ, ಗಾಳಿಯ ಉಷ್ಣಾಂಶ 10 ಡಿಗ್ರಿ ಇದ್ದಾಗ ಗಂಟೆಗೆ 10 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಸುಮಾರು 8.6 ಡಿಗ್ರಿಯ ಚಳಿ ತಗುಲಿದಂತೆ. 20ಕ್ಕೆ ಅದು 7.4, 30ಕ್ಕೆ 6.6, 40ಕ್ಕೆ 6. ಈ ಅಂಕಿಗಳಲ್ಲಿ ನೋಡಬೇಕಾದ್ದು ಒಂದು: ಮೊದಲ 10 ಕಿಲೋಮೀಟರ್ ವೇಗವೇ ದೊಡ್ಡ ಪಾಲು ಕಸಿದುಕೊಳ್ಳುತ್ತದೆ, ಆಮೇಲಿನ ಏರಿಕೆಗೆ ನಷ್ಟ ಕಮ್ಮಿಯಾಗುತ್ತ ಹೋಗುತ್ತದೆ. ಹಾಗಾಗಿ "ನಾನು ನಿಧಾನ ಹೊಡೆಯುವವ, ನನಗೆ ಗಾಳಿತಡೆ ಯಾಕೆ" ಎನ್ನುವ ಮಾತು ನಿಲ್ಲುವುದಿಲ್ಲ. ಈ ಸೂತ್ರ ಇರುವುದು 10 ಡಿಗ್ರಿ ಮತ್ತು ಅದಕ್ಕಿಂತ ಕೆಳಗಿನ ಚಳಿಗೆ. ನಮ್ಮ 12–15 ಡಿಗ್ರಿಗೆ ಅದನ್ನು ಹಾಗೇ ಹಚ್ಚಲಾಗದು, ಆದರೆ ಒಳಗಿನ ಕಾರಣ ಅದೇ.

ತೋಟದ ಬದಿಯಲ್ಲಿ ಯಾಕೆ ಅಷ್ಟು ಕೊರೆಯಿತು ಎಂಬುದಕ್ಕೂ ಇಲ್ಲೇ ಉತ್ತರವಿದೆ. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಅದನ್ನು ತಾಗಿದ ಗಾಳಿಯೂ ತಣ್ಣಗಾಗಿ ತೂಕ ಹೆಚ್ಚಿಸಿಕೊಳ್ಳುತ್ತದೆ. ತೂಕದ ಗಾಳಿ ನೀರಿನಂತೆ ತಗ್ಗಿಗೆ ಹರಿಯುತ್ತದೆ. ನಮ್ಮ ಅಡಿಕೆ ತೋಟಗಳು ಇರುವುದೇ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ. ಅಲ್ಲಿಗೆ ಇಳಿಯುವ ರಸ್ತೆಯಲ್ಲಿ ಚಳಿಯೂ ಹೆಚ್ಚು, ಇಳಿಜಾರಿನಿಂದಾಗಿ ವೇಗವೂ ಹೆಚ್ಚು. ಕಾಲು ತುಳಿಯದೆ ಸುಮ್ಮನಿರುವುದರಿಂದ ಮೈ ಹುಟ್ಟಿಸುವ ಬಿಸಿಯೂ ಆ ಹೊತ್ತಿಗೆ ಕಮ್ಮಿ. ಮೂರೂ ಒಟ್ಟಿಗೆ ಬಂದು ಬೀಳುತ್ತವೆ.

ಆದರೂ ಶಿರಸಿ ಸೀಮೆಯ ಚಳಿಯಲ್ಲಿ ನನ್ನ ಪ್ರಕಾರ ದೊಡ್ಡ ಶತ್ರು ನೀರು. ಇಲ್ಲಿ ಹಿಮ ಬೀಳುವುದಿಲ್ಲ, ಇಬ್ಬನಿ ಬೀಳುತ್ತದೆ. ಸಹಸ್ರಲಿಂಗದ ಕಡೆ ಶಾಲ್ಮಲಾ ನದಿಯ ಹತ್ತಿರ ಹೋದರೆ ಮಂಜು ಎಷ್ಟು ದಟ್ಟ ಎಂದರೆ ಅರ್ಧ ಗಂಟೆಯಲ್ಲಿ ಕೈಗವಸಿನ ರೋಮದ ತುದಿಯಲ್ಲೆಲ್ಲ ಹನಿ ಕೂತಿರುತ್ತದೆ. ಹೊರಗಿನ ನೀರು ಇದಾದರೆ ಒಳಗಿನದು ಬೆವರು: ಏರು ಹತ್ತುವಾಗ ಅಂಗೈ ಬೆವರುತ್ತದೆ, ಕೈಗವಸು ಅದನ್ನು ಕುಡಿಯುತ್ತದೆ, ಆಮೇಲೆ ಇಳಿಜಾರು ಬರುತ್ತದೆ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಸಲೀಸಾಗಿ ಬಿಸಿಯನ್ನು ಸಾಗಿಸುತ್ತದೆ. ಆರಿ ಹೋಗುವಾಗ ಮಾಡುವ ನಷ್ಟ ಇನ್ನೊಂದು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಬಿಸಿ ಬೇಕು. ದೊಡ್ಡವರ ಒಂದು ಕೈಯ ತೂಕ ಅಂದಾಜು 400 ಗ್ರಾಂ. ರಕ್ತ ಹೊಸ ಬಿಸಿ ತಂದುಕೊಡದಿದ್ದರೆ ಆ ಒಂದೇ ಗ್ರಾಂ ನೀರು ಇಡೀ ಕೈಯನ್ನು ಒಂದೂವರೆ ಡಿಗ್ರಿಗಿಂತ ಹೆಚ್ಚು ತಣ್ಣಗೆ ಮಾಡಬಲ್ಲದು. ಒದ್ದೆ ಕೈಗವಸಿನಲ್ಲಿ ಒಂದಲ್ಲ, ಹತ್ತಾರು ಗ್ರಾಂ ನೀರಿರುತ್ತದೆ.

ಹತ್ತಿಯ ಕೈಗವಸನ್ನು ನಾನು ಯಾರಿಗೂ ಹೇಳದಿರುವುದು ಇದಕ್ಕೇ. ಹತ್ತಿ ನೀರು ಕುಡಿದರೆ ನೂಲು ಮಲಗಿಬಿಡುತ್ತದೆ, ನೂಲುಗಳ ನಡುವೆ ಇದ್ದ ಗಾಳಿ ಹೋಗಿ ಅಲ್ಲಿ ನೀರು ಕೂರುತ್ತದೆ. ಉಣ್ಣೆಯ ಗುಣ ಬೇರೆ. ನಮ್ಮಲ್ಲಿ ಹಳೆಯ ತಲೆಮಾರಿನವರು ಆಷಾಢದ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದರು. ಕಂಬಳಿ ತೋಯ್ದು ಭಾರವಾದರೂ ಒಳಗೆ ಬೆನ್ನು ಬೆಚ್ಚಗಿರುತ್ತಿತ್ತು. ಉಣ್ಣೆಯ ಎಳೆ ಹುಟ್ಟಿನಿಂದಲೇ ಗುಂಗುರು. ಒದ್ದೆಯಾದರೂ ಪೂರ್ತಿ ಮಲಗುವುದಿಲ್ಲ, ನಡುವೆ ಗಾಳಿಗೆ ಜಾಗ ಉಳಿಸಿಕೊಳ್ಳುತ್ತದೆ. ತನ್ನ ತೂಕದ ಸುಮಾರು 30 ಶೇಕಡದಷ್ಟು ತೇವವನ್ನು ಎಳೆಯ ಒಳಗೇ ಅಡಗಿಸಿಕೊಂಡು ಮುಟ್ಟಿದರೆ ಒಣಗಿದಂತೆ ತೋರಬಲ್ಲದು. ತೇವವನ್ನು ಹೀರುವಾಗ ಸ್ವಲ್ಪ ಬಿಸಿಯನ್ನೂ ಬಿಡುತ್ತದೆ. ಕಂಬಳಿಕೊಪ್ಪೆಯ ಈ ಬುದ್ಧಿಯನ್ನು ಕೈಗೆ ಇಳಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಈಗ ಆ ಹುಡುಗನ ದಪ್ಪ ಕೈಗವಸಿಗೆ ಬರೋಣ. ತೆಗೆದು ನೋಡಿದೆ. ಅಕ್ರಿಲಿಕ್ ನೂಲಿನ ಹೆಣಿಗೆ, ಒಳಗೆ ಇನ್ನೊಂದು ಪದರ. ಬಾಯಿಗೆ ಹಿಡಿದು ಊದಿದರೆ ಆಚೆ ಬದಿಯಲ್ಲಿಟ್ಟ ಬೆರಳಿಗೆ ಉಸಿರು ಸಲೀಸಾಗಿ ತಾಗುತ್ತಿತ್ತು. ಇದು ನಿಂತವರ ಕೈಗವಸು. ಬಸ್ಸಿಗೆ ಕಾಯಲು, ಅಂಗಳದಲ್ಲಿ ಓಡಾಡಲು ಚೆನ್ನಾಗಿದೆ. ಓಡುವ ಸೈಕಲ್ ಮೇಲೆ ಗಾಳಿ ಹೆಣಿಗೆಯ ತೂತಿನಲ್ಲಿ ನುಗ್ಗಿ ಒಳಗಿನ ಬೆಚ್ಚನೆಯ ಗಾಳಿಯನ್ನು ಹೊರಗಟ್ಟುತ್ತದೆ. ಇನ್ನೊಂದು ತಪ್ಪು ಅಳತೆಯಲ್ಲಿತ್ತು. ದಪ್ಪ ಕೈಗವಸನ್ನು ಎಳೆದೆಳೆದು ತೂರಿಸಿಕೊಂಡಿದ್ದ. ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯೊಳಗೆ ಸಿಕ್ಕಿ ನಿಂತ ಗಾಳಿ. ಬಿಗಿಯಾದ ಕೈಗವಸಿನಲ್ಲಿ ಆ ಗಾಳಿಗೆ ಜಾಗವಿಲ್ಲ. ಮೊದಲೇ ಕಡಿಮೆಯಾದ ರಕ್ತದ ಹರಿವನ್ನೂ ಬಿಗಿತ ಇನ್ನಷ್ಟು ಹಿಂಡುತ್ತದೆ. ಹ್ಯಾಂಡಲನ್ನು ಗಟ್ಟಿ ಹಿಡಿದಾಗ ಅಂಗೈ ಕಡೆಯ ಪದರವಂತೂ ಚಪ್ಪಟೆಯಾಗಿ ಕಾಗದದಂತಾಗುತ್ತದೆ. ಅವನು ಇನ್ನೂ ದಪ್ಪದ್ದನ್ನು ತಂದಿದ್ದರೆ ಇನ್ನೂ ಬಿಗಿಯಾಗುತ್ತಿತ್ತು.

ಹಾಗಾದರೆ ಏನು ಕೊಳ್ಳಬೇಕು? ಒಂದು ದಪ್ಪ ಜೋಡಿಯ ಬದಲು ಎರಡು ತೆಳು ಜೋಡಿ. ಒಳಗಿನದು ಬಿಸಿ ಹಿಡಿಯಲು, ಹೊರಗಿನದು ಗಾಳಿ ತಡೆಯಲು. ನಮ್ಮ ಬೆಳಗಿಗೆ ಇದು ಇನ್ನೊಂದು ಕಾರಣಕ್ಕೂ ಸರಿ: ಆರು ಗಂಟೆಗೆ 12 ಡಿಗ್ರಿ ಇದ್ದದ್ದು ಹತ್ತು ಗಂಟೆಗೆಲ್ಲ ಬಿಸಿಲೇರಿ ಬೆವರು ಬರಿಸುತ್ತದೆ. ಒಂದೊಂದೇ ಪದರ ಕಳಚಿ ಜೇಬಿಗೆ ಹಾಕಿಕೊಳ್ಳಬಹುದು. ಯುರೋಪಿನ ಚಳಿಗೆಂದು ಮಾಡಿದ, ದಿನವಿಡೀ ಸೊನ್ನೆಯ ಹತ್ತಿರ ಇರುವ ಊರಿನ ದಪ್ಪ ಜೋಡಿಗೆ ಸಾವಿರಾರು ರೂಪಾಯಿ ಸುರಿದರೆ ಇಲ್ಲಿ ಅದು ದಿನಕ್ಕೆ ಒಂದು ಗಂಟೆ ಮಾತ್ರ ಉಪಯೋಗಕ್ಕೆ ಬರುತ್ತದೆ.

ಒಳಪದರಕ್ಕೆ ತೆಳು ಉಣ್ಣೆ ಸಿಕ್ಕರೆ ಉತ್ತಮ. ಚಳಿಗಾಲದಲ್ಲಿ ನಮ್ಮ ಪೇಟೆಗಳಿಗೆ ಸ್ವೆಟರ್ ಮಾರಲು ಬರುವ ಟಿಬೆಟನ್ನರ ಅಂಗಡಿಗಳಲ್ಲಿ ನೂರು–ನೂರೈವತ್ತು ರೂಪಾಯಿಗೆ ನಾನು ಕೊಂಡದ್ದಿದೆ. ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ ನೆಲೆ ಇರುವುದರಿಂದ ಈ ಮಾರಾಟಗಾರರು ನಮ್ಮ ಜಿಲ್ಲೆಗೆ ಹೊಸಬರಲ್ಲ. ಮಾಲು ಹೆಚ್ಚಾಗಿ ಲೂಧಿಯಾನದ್ದು. ಉಣ್ಣೆ ಎಂದು ಹೇಳಿದ್ದೆಲ್ಲ ಉಣ್ಣೆಯಲ್ಲ, ಅಗ್ಗದ್ದು ಬಹುತೇಕ ಅಕ್ರಿಲಿಕ್. ಮನೆಗೆ ತಂದ ಮೇಲೆ ಒಳಗಿನ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದು ನೋಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಅಕ್ರಿಲಿಕ್ ಆದರೂ ಎಸೆಯಬೇಡಿ. ಅದು ಹತ್ತಿಯಷ್ಟು ನೀರು ಕುಡಿಯುವುದಿಲ್ಲ, ಬೇಗ ಒಣಗುತ್ತದೆ. ಗಾಳಿತಡೆಯ ಹೊರಪದರದೊಳಗೆ ಅದು ಒಳ್ಳೆಯ ಕೆಲಸ ಮಾಡುತ್ತದೆ. ತೆಳು ಫ್ಲೀಸ್, ಅಂದರೆ ಮೃದು ರೋಮದಂಥ ಮೈಯಿರುವ ಕೃತಕ ಬಟ್ಟೆ, ಕೂಡ ಹಾಗೆಯೇ.

ದುಡ್ಡು ಹಾಕಬೇಕಾದ್ದು ಹೊರಪದರಕ್ಕೆ. ಸೈಕಲ್ ಸವಾರರಿಗೆಂದೇ ಮಾಡಿದ, ಪೂರ್ತಿ ಬೆರಳು ಮುಚ್ಚುವ, ಹಿಂಗೈ ಕಡೆ ಗಾಳಿ ದಾಟದ ಬಟ್ಟೆಯಿರುವ ಜೋಡಿ ನನಗೆ 900 ರೂಪಾಯಿಗೆ ಸಿಕ್ಕಿತು. ಇದರಲ್ಲಿ ನೋಡಬೇಕಾದ್ದು ಹಿಂಗೈ ಮತ್ತು ಬೆರಳುಗಳ ಮುಂಬದಿ. ಅಂಗೈ ಹ್ಯಾಂಡಲಿನ ಮರೆಯಲ್ಲಿ ಇರುತ್ತದೆ, ಗಾಳಿ ಬಡಿಯುವುದು ಗೆಣ್ಣಿಗೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಐವತ್ತು–ಎಂಬತ್ತು ರೂಪಾಯಿಗೆ ಸಿಗುವ, ಕಟ್ಟಡ ಕೆಲಸದವರು ಹಾಕುವ ಕೈಗವಸನ್ನು ಹಲವರು ಪ್ರಯತ್ನಿಸಿದ್ದಾರೆ, ನಾನೂ ಹಾಕಿದ್ದೇನೆ. ಹಿಡಿತ ಅದ್ಭುತ. ಆದರೆ ಅದರ ರಬ್ಬರ್ ಇರುವುದು ಅಂಗೈಗೆ, ಹಿಂಗೈಯಲ್ಲಿ ಬರೀ ಹೆಣಿಗೆ. ಗಾಳಿಯ ಬದಿಯೇ ತೆರೆದಿದೆ. ಪೂರ್ತಿ ರಬ್ಬರಿನಲ್ಲಿ ಅದ್ದಿ ಒಳಗೆ ಫ್ಲೀಸ್ ಹಾಕಿದ, ಶೀತಲಗೃಹದ ಕೆಲಸಕ್ಕೆಂದು ಮಾಡಿದ್ದು ಸಿಕ್ಕರೆ ಅದು ಬೇರೆ ಮಾತು. ಕೆಲಸದ ಕೈಗವಸಿನ ಮೇಲೆ ಹಿಮದ ಹರಳಿನ ಚಿತ್ರವೂ ಇಎನ್ 511 ಎಂಬ ಗುರುತೂ ಇದ್ದರೆ ಅದು ಯುರೋಪಿನ ಚಳಿ ಪರೀಕ್ಷೆಯ ಗುರುತು. ಅದರ ಮೊದಲ ಅಂಕಿ ಬೀಸುವ ಚಳಿಗೆ, ಎರಡನೆಯದು ತಣ್ಣಗಿನ ವಸ್ತು ಹಿಡಿಯುವ ಚಳಿಗೆ, ಎರಡೂ 4ರವರೆಗೆ. ಮೂರನೆಯದು ನೀರಿಗೆ: 1 ಇದ್ದರೆ ನೀರು ತಡೆಯುತ್ತದೆ, 0 ಇದ್ದರೆ ಇಲ್ಲ.

ಒಂಬೈನೂರೂ ಹೆಚ್ಚಾಯಿತು ಎನ್ನುವವರಿಗೆ ಒಂದು ದಾರಿಯಿದೆ. ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ, ತೆಳು ರಬ್ಬರಿನಂಥ ನೈಟ್ರೈಲ್ ಗ್ಲೌಸನ್ನು ನಿಮ್ಮ ಅಳತೆಗಿಂತ ದೊಡ್ಡದು ಕೊಂಡು, ಉಣ್ಣೆಯ ಕೈಗವಸಿನ ಮೇಲೆ ಹಾಕಿ, ಅದರ ಮೇಲೆ ಹಾರ್ಡ್‌ವೇರ್ ಅಂಗಡಿಯದ್ದು ಹಾಕಿ. ಗಾಳಿ ಒಂದಿಷ್ಟೂ ದಾಟದು. ಬೆವರೂ ದಾಟದು, ಅದೇ ಇದರ ದೋಷ. ಇಪ್ಪತ್ತು–ಮೂವತ್ತು ನಿಮಿಷದ ಹಾಲಿನ ದಾರಿಗೆ, ಶಾಲೆಯ ದಾರಿಗೆ ಸಾಕು. ಎರಡು ಗಂಟೆಯ ಸವಾರಿಗೆ ಒಳಗೆಲ್ಲ ಒದ್ದೆ. ಏರು ಹತ್ತುವಾಗ ತೆಗೆದಿಟ್ಟು ಇಳಿಜಾರಿನ ತಲೆಯಲ್ಲಿ ನಿಂತು ಹಾಕಿಕೊಳ್ಳುವುದು ನಾನು ಕಂಡುಕೊಂಡ ಕ್ರಮ. ನೈಟ್ರೈಲ್ ಇಲ್ಲದಿದ್ದರೆ ಪ್ಲಾಸ್ಟಿಕ್ ಕೊಟ್ಟೆ ಸುತ್ತಿಕೊಂಡವರೂ ಇದ್ದಾರೆ. ಅದು ಬ್ರೇಕ್ ಲಿವರ್ ಮೇಲೆ ಜಾರುತ್ತದೆ, ದಯವಿಟ್ಟು ಕೊಟ್ಟೆಯನ್ನು ಎರಡು ಕೈಗವಸುಗಳ ನಡುವೆ ಮಾತ್ರ ಇಡಿ. ಹರಿದದ್ದನ್ನು ಘಟ್ಟದಲ್ಲಿ ಬಿಸಾಡದೆ ಜೇಬಿನಲ್ಲಿ ಮನೆಗೆ ತನ್ನಿ.

ಅಂಗಡಿಯಲ್ಲಿ ನಿಂತಾಗ ಲೇಬಲ್ ನಂಬುವ ಮೊದಲು ಊದಿ ನೋಡಿ. ಹಿಂಗೈಯ ಬಟ್ಟೆಗೆ ಬಾಯಿ ಒತ್ತಿ ಊದಿದಾಗ ಆಚೆ ಉಸಿರು ತಾಗಬಾರದು. ಆಮೇಲೆ ಒಂದು ಹನಿ ನೀರು ಬಿಡಿ. ಮುತ್ತಿನ ಹಾಗೆ ಉರುಳಿದರೆ ಇಬ್ಬನಿಗೆ ಸಾಕು. ಪೂರ್ತಿ ವಾಟರ್‌ಪ್ರೂಫ್ ಎಂಬ ಮಾತಿಗೆ ಹೆಚ್ಚು ಹಣ ಕೊಡುವ ಅಗತ್ಯ ನಮ್ಮ ಚಳಿಗಾಲಕ್ಕೆ ಕಾಣುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿ ತನಕ ಇಲ್ಲಿ ಮಳೆ ಅಪರೂಪ. ಅಗ್ಗದ ವಾಟರ್‌ಪ್ರೂಫ್ ಜೋಡಿಗಳಲ್ಲಿ ನೀರು ತಡೆಯುವ ಪೊರೆಯೂ ಒಳಬಟ್ಟೆಯೂ ಒಂದಕ್ಕೊಂದು ಸರಿಯಾಗಿ ಹೊಲಿದುಕೊಂಡಿರುವುದಿಲ್ಲ. ಬೆವರಿದ ಕೈ ಎಳೆದರೆ ಒಳಬಟ್ಟೆಯೂ ಬೆರಳಿನ ಜೊತೆ ಹೊರಗೆ ಬರುತ್ತದೆ, ಮತ್ತೆ ಹತ್ತೂ ಬೆರಳನ್ನು ಅದರದರ ಗೂಡಿಗೆ ಸೇರಿಸುವುದು ದೊಡ್ಡ ಪಾಡು. ಕೊಳ್ಳುವಾಗಲೇ ಕೈ ಹಾಕಿ ಎಳೆದು ಪರೀಕ್ಷಿಸಿ.

ಅಳತೆಗೆ ಟೇಪನ್ನು ಹೆಬ್ಬೆರಳು ಬಿಟ್ಟು ಅಂಗೈಯ ಅಗಲವಾದ ಕಡೆ ಸುತ್ತಬೇಕು. ಬಲಗೈ ಬಳಸುವವರಿಗೆ ಬಲಗೈಯೇ ತುಸು ದೊಡ್ಡದಿರುತ್ತದೆ, ಅದನ್ನೇ ಅಳೆಯಿರಿ. ಹೊರಪದರ ಕೊಳ್ಳಲು ಹೋಗುವಾಗ ಒಳಪದರ ಹಾಕಿಕೊಂಡೇ ಹೋಗಿ. ಮುಷ್ಟಿ ಕಟ್ಟಿದಾಗ ಬೆರಳ ತುದಿಗೆ ಬಟ್ಟೆ ಬಿಗಿಯಬಾರದು, ಕೈ ಬಿಡಿಸಿದಾಗ ತುದಿಯಲ್ಲಿ ಒಂದು ಅಕ್ಕಿಕಾಳಿನಷ್ಟು ಜಾಗ ಉಳಿಯಬೇಕು. ಅದಕ್ಕಿಂತ ಹೆಚ್ಚಾದರೆ ಆ ಖಾಲಿ ತುದಿ ಲಿವರ್ ಮತ್ತು ಹ್ಯಾಂಡಲ್ ನಡುವೆ ಸಿಕ್ಕಿಕೊಳ್ಳುತ್ತದೆ. ಸಾಧ್ಯವಾದರೆ ಅಂಗಡಿಯ ಹೊರಗೆ ನಿಲ್ಲಿಸಿದ ನಿಮ್ಮ ಸೈಕಲ್ಲಿನ ಬ್ರೇಕನ್ನೇ ಹತ್ತು ಸಲ ಹಿಡಿದು ಬಿಡಿ, ಗೇರ್ ಬದಲಿಸಿ. ಬೈಕಿನ ಕೈಗವಸು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬೀಳುತ್ತದೆ. ಗೆಣ್ಣಿನ ಮೇಲೆ ಗಟ್ಟಿ ಚಿಪ್ಪಿಟ್ಟ ಅದು ಬಿದ್ದಾಗ ಕಾಯುತ್ತದೆ ನಿಜ, ಆದರೆ ಬೆರಳನ್ನು ಸಲೀಸಾಗಿ ಮಡಚಗೊಡುವುದಿಲ್ಲ. ಹೆಬ್ಬೆರಳ ಹಿಂಬದಿಯಲ್ಲಿ ಟವೆಲ್ಲಿನಂಥ ಮೃದು ಬಟ್ಟೆಯ ತುಂಡು ಇದೆಯೇ ನೋಡಿ. ಚಳಿಗೆ ಸೋರುವ ಮೂಗು ಒರೆಸಿಕೊಳ್ಳಲು ಅದು, ಹಾಕಿದವರಿಗೇ ಅದರ ಬೆಲೆ ಗೊತ್ತು.

ಬೆರಳು ಜೋಮು ಹಿಡಿದರೆ ಎಲ್ಲವೂ ಚಳಿಯಿಂದಲೇ ಎಂದುಕೊಳ್ಳಬೇಡಿ. ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಮಾತ್ರ ಜೋಮು ಹಿಡಿದು ಉಳಿದವು ಸರಿಯಿದ್ದರೆ ಕಾರಣ ಬಹುಶಃ ಒತ್ತಡ. ಅಲ್ನರ್ ನರ ಅಂಗೈಯ ಬುಡದಲ್ಲಿ, ಕಿರುಬೆರಳ ಕಡೆ, ಒಂದು ಕಿರಿದಾದ ಸಂದಿಯಲ್ಲಿ ಹಾದು ಬರುತ್ತದೆ. ಮೈಭಾರವನ್ನೆಲ್ಲ ಹ್ಯಾಂಡಲ್ ಮೇಲೆ ಹಾಕಿ ಕೂತರೆ ಅದು ಅಲ್ಲಿ ನಜ್ಜುತ್ತದೆ. ಅದಕ್ಕೆ ಬೇಕಾದ್ದು ಆ ಜಾಗದಲ್ಲಿ ತೆಳು ಜೆಲ್ ಮೆತ್ತೆ, ಆಗಾಗ ಹಿಡಿತ ಬದಲಿಸುವುದು ಮತ್ತು ಸೀಟಿನ ಎತ್ತರ ಸರಿಪಡಿಸುವುದು. ಎಷ್ಟು ಬೆಚ್ಚನೆಯ ಕೈಗವಸು ತಂದರೂ ಈ ಜೋಮು ಹೋಗದು. ಮೆತ್ತೆ ದಪ್ಪವಾದಷ್ಟೂ ಒಳ್ಳೆಯದು ಎಂಬುದೂ ಸುಳ್ಳು, ಅದು ಮಡಚಿಕೊಂಡು ನರದ ಮೇಲೇ ಕೂರಬಹುದು.

ಕೈಗವಸು ಕೊಳ್ಳುವ ಮೊದಲು ಲಿವರ್ ಮುಟ್ಟಿ ನೋಡಿ. ಅಲ್ಯೂಮಿನಿಯಂ ಬಿಸಿಯನ್ನು ಬಹಳ ಬೇಗ ಎಳೆದುಕೊಳ್ಳುವ ಲೋಹ, ಎರಡು ಬೆರಳನ್ನು ಅದರ ಮೇಲೇ ಇಟ್ಟು ಇಳಿಯುವವರಿಗೆ ಆ ಎರಡೇ ಬೆರಳು ಮೊದಲು ಮರಗಟ್ಟುವುದು. ಹಳೇ ಟ್ಯೂಬಿನ ಒಂದು ತುಂಡನ್ನು ಸೀಳಿ ಲಿವರಿಗೆ ಸುತ್ತಿ ಗಟ್ಟಿ ಅಂಟಿಸಿದರೆ ಖರ್ಚಿಲ್ಲದೆ ಕೆಲಸವಾಯಿತು. ಲಿವರ್ ಪೂರ್ತಿ ಹಿಂದಕ್ಕೆ ಬರಲು ಅಡ್ಡಿಯಾಗದಂತೆ ಸುತ್ತುವುದು ಮುಖ್ಯ. ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳು ಬರಿಗೈಯಲ್ಲಿ ಕಬ್ಬಿಣದ ಲಿವರ್ ಹಿಡಿದು ಮಂಜಿನಲ್ಲಿ ಶಾಲೆಗೆ ಹೋದದ್ದನ್ನು ನಾನು ನೋಡಿದ್ದೇನೆ. ಟ್ಯೂಬಿನ ಎರಡು ತುಂಡು, ಒಂದು ಜೋಡಿ ಅಗ್ಗದ ಕೈಗವಸು ಅವರಿಗೆ ಎಷ್ಟು ಆಸರೆಯಾಗುತ್ತಿತ್ತು ಎಂದು ಈಗಲೂ ಅನಿಸುತ್ತದೆ.

ಇನ್ನೊಂದು ಅಗ್ಗದ ಉಪಾಯ ಕೈಯಿಂದ ದೂರದಲ್ಲಿದೆ. ಎದೆ, ಕಿವಿ, ಮಣಿಕಟ್ಟು ಬೆಚ್ಚಗಿದ್ದರೆ ದೇಹ ಬೆರಳಿನ ರಕ್ತವನ್ನು ಅಷ್ಟು ಬಿಗಿಯಾಗಿ ತಡೆಯುವುದಿಲ್ಲ. ಮಣಿಕಟ್ಟಿನಲ್ಲಿ ರಕ್ತನಾಳ ಚರ್ಮಕ್ಕೆ ತೀರಾ ಹತ್ತಿರ, ನಾಡಿ ಹಿಡಿದು ನೋಡುವುದೂ ಅಲ್ಲಿಯೇ. ತೋಳಿಗೂ ಕೈಗವಸಿಗೂ ನಡುವೆ ಎರಡು ಬೆರಳಗಲ ಚರ್ಮ ತೆರೆದಿದ್ದರೆ ಬೆರಳಿಗೆ ಹೋಗುವ ರಕ್ತ ದಾರಿಯಲ್ಲೇ ಆರುತ್ತದೆ. ಹಳೇ ಉಣ್ಣೆಯ ಕಾಲುಚೀಲದ ಮೇಲ್ಭಾಗವನ್ನು ಕತ್ತರಿಸಿ ಮಣಿಕಟ್ಟಿಗೆ ಹಾಕಿಕೊಳ್ಳಿ.

ಕಾರವಾರ, ಅಂಕೋಲಾ, ಕುಮಟಾದಲ್ಲಿ ಇರುವವರಿಗೆ ಇದರಲ್ಲಿ ಬಹಳಷ್ಟು ಬೇಕಿಲ್ಲ. ಜನವರಿಯ ನಸುಕಿನಲ್ಲೂ ಕರಾವಳಿಯಲ್ಲಿ 20 ಡಿಗ್ರಿಯ ಆಸುಪಾಸು ಇರುತ್ತದೆ. ಕಾಳಿ ಸೇತುವೆಯ ಮೇಲೆ ಬೀಸುವ ಗಾಳಿಗೆ ತೆಳುವಾದ ಒಂದು ಪೂರ್ತಿ ಬೆರಳಿನ ಜೋಡಿ ಧಾರಾಳ. ಅಲ್ಲಿನ ತೊಂದರೆ ಬೆವರು, ಜಾರುವ ಹಿಡಿತ. ಘಟ್ಟದ ಮೇಲಿನಿಂದ ಇಳಿದು ಹೋಗುವವರು ಮಾತ್ರ ಎರಡನ್ನೂ ಲೆಕ್ಕ ಹಾಕಬೇಕು. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ, ಕುಮಟಾಕ್ಕೆ ಸುಮಾರು 60 ಕಿಲೋಮೀಟರ್ ದಾರಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಎರಡು ಪದರವೂ ಬೇಕು, ಬ್ರೇಕ್ ಮೇಲಿನ ಕೈ ತೆಗೆಯುವಂತಿಲ್ಲ. ಘಟ್ಟದ ಬುಡ ಮುಟ್ಟಿದ ಮೇಲೆ ಒಳಪದರ ತೆಗೆಯುತ್ತೇನೆ, ಕುಮಟಾ ಹತ್ತಿರವಾಗುವಾಗ ಹೊರಪದರವನ್ನೂ. ವಾಪಸು ಏರು ಹತ್ತುವಾಗ ಬರಿಗೈ ಇಲ್ಲವೇ ಅರ್ಧ ಬೆರಳಿನದ್ದು.

ಲಡಾಖಿಗೋ ಸ್ಪಿತಿಗೋ ಸೈಕಲ್ ಒಯ್ಯುವವರು ನಮ್ಮ ಕಡೆಯಿಂದಲೂ ಈಗ ಇದ್ದಾರೆ. ಅಲ್ಲಿಯ ನಿಯಮ ಬೇರೆ. ಸೊನ್ನೆಗಿಂತ ಕೆಳಗೆ ಬೆರಳನ್ನು ಒಂದೊಂದಾಗಿ ಸುತ್ತುವುದಕ್ಕಿಂತ ಒಟ್ಟಿಗೆ ಇಡುವುದು ಮೇಲು. ಸಪೂರ ಬೆರಳಿನ ಮೇಲೆ ಪದರ ಏರಿಸಿದಂತೆ ಹೊರಮೈಯೂ ಹಿಗ್ಗುತ್ತ ಹೋಗಿ ಬಿಸಿ ಸೋರಲು ಜಾಗ ಕೊಡುತ್ತದೆ. ಎರಡೆರಡು ಬೆರಳು ಒಂದೇ ಗೂಡಿನಲ್ಲಿದ್ದರೆ ಒಂದನ್ನೊಂದು ಕಾಯುತ್ತವೆ. ಏಡಿಯ ಕೊಂಡಿಯ ಹಾಗೆ ಕಾಣುವ ಲಾಬ್‌ಸ್ಟರ್ ಮಾದರಿ ಹುಟ್ಟಿದ್ದು ಹಾಗೆ, ಬ್ರೇಕಿಗೆ ಎರಡು ಬೆರಳು ಬಿಡುವು ಇಟ್ಟುಕೊಂಡು. ಉತ್ತರ ಭಾರತದ ಚಳಿಗಾಲದಲ್ಲಿ ಸ್ಕೂಟರ್ ಹ್ಯಾಂಡಲಿಗೇ ದೊಡ್ಡ ಚೀಲ ತೊಡಿಸಿ ಅದರೊಳಗೆ ಕೈ ತೂರಿಸಿಕೊಳ್ಳುವುದನ್ನು ನೋಡಿರುತ್ತೀರಿ. ಸೈಕಲ್ಲಿಗೂ ಅಂಥದ್ದಿದೆ. ನಮಗೆ ಅದು ಬೇಡ.

ಒಂದು ವಿಷಯದಲ್ಲಿ ಎಚ್ಚರ. ಸಣ್ಣ ಚಳಿಗೇ ಬೆರಳು ಸುಣ್ಣದಂತೆ ಬಿಳುಪಾಗಿ, ನೀಲಿಗಟ್ಟಿ, ಬೆಚ್ಚಗಾಗುವಾಗ ಕೆಂಪಾಗಿ ಉರಿಯುವುದು ಮತ್ತೆ ಮತ್ತೆ ಆದರೆ ಅದು ಕೈಗವಸಿನ ದೋಷವಾಗಿರಲಾರದು. ಫ್ರಾನ್ಸಿನ ವೈದ್ಯ ಮಾರಿಸ್ ರೇನೋ 1862ರಲ್ಲಿ ವಿವರಿಸಿದ, ಅವನ ಹೆಸರಿನಿಂದಲೇ ಕರೆಯುವ ತೊಂದರೆ ಅದು, ವೈದ್ಯರಿಗೆ ತೋರಿಸಬೇಕು. ಯಾರದೇ ಮರಗಟ್ಟಿದ ಬೆರಳನ್ನೂ ಬಚ್ಚಲೊಲೆಯ ಬೆಂಕಿಗೆ ನೇರ ಹಿಡಿಯಬೇಡಿ. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಕಂಕುಳಲ್ಲಿ ಇಟ್ಟುಕೊಳ್ಳಿ, ಇಲ್ಲವೇ ಉಗುರುಬೆಚ್ಚಗಿನ ನೀರಿಗೆ ಅದ್ದಿ.

ಹಾಲಿನ ಹುಡುಗ ಈಗ ತನ್ನ ಹಳೇ ಕೈಗವಸಿನ ಒಳಗಿನ ಪದರವನ್ನು ಬಿಚ್ಚಿಸಿ ಅದನ್ನಷ್ಟೇ ಹಾಕುತ್ತಾನೆ, ಮೇಲೆ ಒಂದು ಅಳತೆ ದೊಡ್ಡದಾದ ಗಾಳಿತಡೆಯ ಜೋಡಿ. ಲಿವರಿಗೆ ನಾನೇ ಟ್ಯೂಬು ಸುತ್ತಿಕೊಟ್ಟೆ. ಡೇರಿಯಲ್ಲಿ ಕ್ಯಾನಿನ ಮುಚ್ಚಳ ತೆಗೆಯಲು ಮೊದಲಿನಂತೆ ಬೇರೆಯವರನ್ನು ಕರೆಯಬೇಕಾಗಿಲ್ಲ ಎಂದ.

ಉಳಿದದ್ದು ಜೋಪಾನ. ಒದ್ದೆಯಾದ ಕೈಗವಸಿನ ಬೆರಳುಗಳಿಗೆ ಹಳೇ ಪೇಪರ್ ತುರುಕಿಟ್ಟರೆ ರಾತ್ರಿಯೊಳಗೆ ತೇವ ಎಳೆಯುತ್ತದೆ. ಒಲೆಯ ಮೇಲೆ ಒಣಹಾಕಬೇಡಿ, ಗಾಳಿತಡೆಯ ಪೊರೆ ಬಿಟ್ಟುಕೊಳ್ಳುತ್ತದೆ. ನಮ್ಮ ಕಡೆ ಕೈಗವಸನ್ನು ಕೊಲ್ಲುವುದು ಚಳಿಗಾಲವಲ್ಲ, ಮಳೆಗಾಲ. ಚರ್ಮದ್ದಕ್ಕೆ ಜುಲೈಯೊಳಗೆ ಬೂಷ್ಟು ಹಿಡಿಯುತ್ತದೆ. ಚರ್ಮದ ಹಾಗೆ ಕಾಣುವ ಪಾಲಿಯುರೆಥೇನ್ ಲೇಪದ್ದು ಹವೆಯ ತೇವಕ್ಕೇ ಒಳಗಿಂದ ಒಡೆದು ಎರಡು ಮಳೆಗಾಲದಲ್ಲಿ ಸಿಪ್ಪೆ ಏಳುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ಕೊಳ್ಳುವುದು ದಂಡ, ಅಂಗೈಗೆ ಬಟ್ಟೆಯ ಮೇಲೆ ರಬ್ಬರ್ ಚುಕ್ಕೆಯಿರುವುದೇ ಬಾಳಿಕೆ ಬರುವಂಥದ್ದು. ಮಾರ್ಚಿನಲ್ಲಿ ತಣ್ಣೀರಿಗೆ ಸ್ವಲ್ಪ ಸೋಪು ಹಾಕಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಗಾಳಿಯಾಡದ ಡಬ್ಬಿಗೆ ಹಾಕಿ. ಜೊತೆಗೆ ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ನಾಲ್ಕೈದು ಇಡಿ. ದೀಪಾವಳಿ ಕಳೆದು ಡಬ್ಬಿ ತೆರೆದಾಗ ಮೊದಲು ಮೂಗಿಗೆ ಹಿಡಿಯಿರಿ. ಮುಗ್ಗಲು ವಾಸನೆ ಬಂದರೆ ಇನ್ನೊಮ್ಮೆ ತೊಳೆದು ಎರಡು ದಿನ ಗಾಳಿಗೆ ಹಾಕಿ, ಆಮೇಲೆ ಹಿಂಗೈಗೆ ಬಾಯಿ ಒತ್ತಿ ಊದಿ ನೋಡಿ.